‘ವಹಿ’ ಎಂಬ ಪ್ರಕಾರ ರದ್ದು

ಕಾರ್ಡಿನ ಮೂಲೆಗೆ ಬಣ್ಣ ಹಚ್ಚುವುದಕ್ಕೆ ನನಗೆ ಸಂಬಳ ಕೊಡುತ್ತಿದ್ದರು. ಹೊರಗೆ ಯಾರಾದರೂ ಕೇಳಿದರೆ ನಾನು ಹಾಗೆ ಹೇಳುತ್ತಿರಲಿಲ್ಲ, ಸೂಚೀಕಾರ ಎನ್ನುತ್ತಿದ್ದೆ. ಕೇಳಿದವರು ಅದೇನೋ ಸೂಜಿಯ ಕಸಬು ಇರಬೇಕೆಂದು ತಿಳಿದು ಬೇರೆ ಮಾತಿಗೆ ಹೋಗುತ್ತಿದ್ದರು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಈಗಿನ ವಿಜಯಪುರಕ್ಕೆ ಆಗ ವಿಜಾಪುರ ಎಂಬ ಹೆಸರಿತ್ತು. ಸಿದ್ಧೇಶ್ವರ ಗುಡಿಯ ಹತ್ತಿರದ ಒಂದು ಓಣಿಯಲ್ಲಿ ನಾಲ್ಕಾರು ಹಿರಿಯರು ಸೇರಿ ನಡೆಸುತ್ತಿದ್ದ ಖಾಸಗಿ ವಾಚನಾಲಯ ನಮ್ಮದು. ಅದಕ್ಕೆ ಟಿಕೋಟಾದಲ್ಲಿ ಒಂದು, ಬಬಲೇಶ್ವರದಲ್ಲಿ ಒಂದು ಶಾಖೆ. ಮೂರೂ ಕಡೆಯ ಪುಸ್ತಕಗಳಿಗೆ ಸೇರಿ ಒಂದೇ ಸೂಚಿ, ಯಾವುದು ಎಲ್ಲಿದೆ ಎಂಬ ಪಟ್ಟಿ. ಅದು ಸಾಗವಾನಿ ಕಟ್ಟಿಗೆಯ ದೊಡ್ಡ ಕಪಾಟಿನ ಎಳೆಯುವ ಖಣಗಳಲ್ಲಿ ಕಾರ್ಡುಗಳ ರೂಪದಲ್ಲಿ ವಿಜಾಪುರದಲ್ಲಿ ಕುಳಿತಿತ್ತು. ಶಾಖೆಯವರು ತಮ್ಮಲ್ಲಿ ಏನು ಬಂತು, ಏನು ಹೋಯಿತು ಎಂಬುದನ್ನು ಬರೆದು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ನಾನು ಅದನ್ನು ಕಾರ್ಡಿಗೆ ಏರಿಸಿ ಖಣಕ್ಕೆ ಇಳಿಸುತ್ತಿದ್ದೆ. ಈ ಏರಿಳಿತದಲ್ಲಿ ನಾಡಿನ ಜ್ಞಾನ ಭದ್ರವಾಗುತ್ತದೆ ಎಂಬ ನಂಬಿಕೆ ನನಗೆ ಆಗ ಪೂರ್ಣವಾಗಿತ್ತು. ನಾನು ಆರು ತಿಂಗಳ ತರಬೇತಿ ಮುಗಿಸಿ ಪ್ರಮಾಣಪತ್ರ ತಂದವನು. ಆ ಪತ್ರಕ್ಕೆ ಕಟ್ಟು ಹಾಕಿಸಿ ಕಪಾಟಿನ ಮೇಲೆ ತೂಗುಹಾಕಿದ್ದೆ.

ಪ್ರತಿ ಕಾರ್ಡಿನಲ್ಲಿ ಒಂದು ಸಾಲು ಇತ್ತು: ಈ ಸಾಮಗ್ರಿ ಎಂಥದ್ದು? ಪುಸ್ತಕವೋ, ಮಾಸಿಕವೋ, ನಕಾಶೆಯೋ? ಅದಕ್ಕೆ ತಕ್ಕಂತೆ ಬಲಗಡೆಯ ಮೂಲೆಗೆ ಬಣ್ಣ. ಪುಸ್ತಕಕ್ಕೆ ಕೆಂಪು, ಮಾಸಿಕಕ್ಕೆ ನೀಲಿ, ನಕಾಶೆಗೆ ಹಸಿರು. ಆ ಸಾಲಿಗೆ ನಾನು ಮೊದಲು ಕೊಟ್ಟ ತಲೆಬರಹ ‘ಸಾಮಗ್ರಿಯ ಜಾತಿ’. ಟಿಕೋಟಾದ ಶಾಖೆ ನೋಡಿಕೊಳ್ಳುತ್ತಿದ್ದವರು ನಿವೃತ್ತ ಕನ್ನಡ ಸಾಲಿ ಮಾಸ್ತರು. ಅವರ ಮನೆಯವರು ಬುದ್ಧನನ್ನು ಹಿಡಿದು ಹಳೆಯದನ್ನು ಬಿಟ್ಟು ಬಂದವರು. ಹೊಸ ಕಾರ್ಡು ನೋಡಿದ ವಾರವೇ ಅವರು ಬಸ್ಸು ಹತ್ತಿ ಬಂದರು.

“ಸಾಹೇಬ್ರ, ಇದೇನ್ರಿ, ಪುಸ್ತಕಕ್ಕೂ ಜಾತಿ ಹಚ್ಚೀರಿ? ಮನಷ್ಯಾರಿಗೆ ಹಚ್ಚಿದ್ದು ಸಾಲಲಿಲ್ಲೇನ್ರಿ?”

“ಅದು ಶಾಸ್ತ್ರದ ಮಾತು ಮಾಸ್ತರ. ಜಾತಿ ಅಂದ್ರ ಇಲ್ಲಿ ಬ್ಯಾರೆ ಅರ್ಥ.”

“ನಮಗೂ ಹಿಂಗs ಹೇಳ್ತಿದ್ರು ನೋಡ್ರಿ, ಶಾಸ್ತ್ರದ ಮಾತು ಅಂತ.”

ತಲೆಬರಹವನ್ನು ‘ಪ್ರಕಾರ’ ಎಂದು ತಿದ್ದಿದೆ. ಬರೆದಿಟ್ಟ ಕಾರ್ಡುಗಳಲ್ಲೆಲ್ಲ ಆ ಶಬ್ದವನ್ನು ಹೊಡೆದು ಹಾಕಲು ಎರಡು ತಿಂಗಳು ಹಿಡಿಯಿತು. ನಾನು ಮಾಡಿದ ಕೆಲಸಗಳಲ್ಲಿ ಇದೊಂದನ್ನು ಈಗಲೂ ಸಮರ್ಥಿಸಿಕೊಳ್ಳಬಲ್ಲೆ.

ಮೂರು ಪ್ರಕಾರಗಳಿಂದ ಶುರುವಾದದ್ದು ಮೂರಕ್ಕೆ ನಿಲ್ಲಲಿಲ್ಲ. ಟಿಕೋಟಾದ ಒಂದು ಮನೆಯವರು ಭೂಗೋಲವೊಂದನ್ನು ದಾನ ಮಾಡಿದರು, ಕಂಬಿಯ ಮೇಲೆ ತಿರುಗುವಂಥದ್ದು. ಮಾಸ್ತರು ಅದನ್ನು ‘ಉರುಟು ನಕಾಶೆ’ ಎಂದು ದಾಖಲಿಸಿ ಕಳಿಸಿದರು. ನಕಾಶೆ ಎಂದರೆ ಮಡಚಲು ಬರಬೇಕು, ಇದು ಮಡಚುವುದಿಲ್ಲ ಎಂದು ನಾನು ತಕರಾರು ಬರೆದೆ. ಪೃಥ್ವಿಯನ್ನು ಮಡಚುವ ಅಧಿಕಾರ ತಮಗಿಲ್ಲ ಎಂದು ಅವರು ಉತ್ತರ ಬರೆದರು. ಮೂರು ವಾರ ಕಂಡಕ್ಟರನು ಈ ವಾದವನ್ನು ಅತ್ತಿಂದಿತ್ತ ಹೊತ್ತ. ಕೊನೆಗೆ ‘ಉರುಟು’ ಎಂಬ ಹೊಸ ಪ್ರಕಾರ ಹುಟ್ಟಿತು. ಅದಕ್ಕೆ ಕಂದು ಬಣ್ಣ. ಅದರಲ್ಲಿ ಒಂದೇ ಕಾರ್ಡು.

ಬಬಲೇಶ್ವರದ ಶಾಖೆಯಲ್ಲಿ ಒಬ್ಬ ಅಕ್ಕೋರು ಇದ್ದರು. ಮೊದಲು ಕನ್ಯಾಶಾಲೆಯಲ್ಲಿ ಕಲಿಸುತ್ತಿದ್ದವರು, ಗಂಡ ತೀರಿದ ಮೇಲೆ ವಾಚನಾಲಯಕ್ಕೆ ಬಂದವರು. ಅವರಿಗೆ ಯಾರೋ ಗ್ರಾಮಾಫೋನಿನ ತಟ್ಟೆಗಳನ್ನು ಕೊಟ್ಟರು, ಗ್ರಾಮಾಫೋನು ಕೊಡಲಿಲ್ಲ. ಅಕ್ಕೋರು ಆ ತಟ್ಟೆಗಳಿಗೆ ‘ಸುಮ್ಮನೆ ಕೂತದ್ದು’ ಎಂಬ ಪ್ರಕಾರ ಮಾಡಿದರು. ನಂತರ ‘ಕಟ್ಟು ಬಿಚ್ಚಿದ್ದು’. ಅದರ ನಂತರ ‘ಒಯ್ದವರು ತರದದ್ದು’. ಇದು ಪ್ರಕಾರವಲ್ಲ, ಅಪರಾಧ ಎಂದು ನಾನು ಬರೆದದ್ದಕ್ಕೆ ಅವರು, “ಅಪರಾಧನೂ ಒಂದು ಪ್ರಕಾರನs ಅಲ್ರಿ” ಎಂದು ಕಾರ್ಡಿನ ಬೆನ್ನಿಗೇ ಬರೆದು ವಾಪಸು ಕಳಿಸಿದ್ದರು. ನನ್ನ ಆದೇಶಗಳನ್ನು ಅವರು ಓದುತ್ತಲೇ ಇರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಕಿಟಕಿಯ ಬಡಿತ ನಿಲ್ಲಿಸಲು ಅವುಗಳನ್ನು ಮಡಚಿ ಸಂದಿಗೆ ಸಿಕ್ಕಿಸಿದ್ದರು. ಅವರಿಗೆ ಅದರಿಂದ ಯಾವ ನಷ್ಟವೂ ಆಗಲಿಲ್ಲ. ಓದಿದವರಿಗೆ ಆಯಿತು.

ಒಂದು ಸಂತೆಯ ದಿನ ತಪಾಸಣೆಗೆಂದು ನಾನು ಟಿಕೋಟಾಕ್ಕೆ ಹೋಗಿದ್ದೆ. ಹೆಗಲಿಗೆ ಕಂಬಳಿ ಹಾಕಿದ ಒಬ್ಬ ಆಳು ಬಾಗಿಲಲ್ಲಿ ಕಾಲ್ಮರಿ ಬಿಟ್ಟು ಒಳಗೆ ಬಂದು, ಅರಿವೆಯ ಗಂಟು ಬಿಚ್ಚಿ ನಾಲ್ಕು ವಹಿಗಳನ್ನು ಮೇಜಿನ ಮೇಲೆ ಇಟ್ಟ. ಸಾಲಿ ಹುಡುಗರು ಬರೆಯುವಂಥ ದಪ್ಪ ವಹಿ, ಇನ್ನೂರು ಪುಟದವು. ಆತ ಬಿಜ್ಜರಗಿಯ ಕುರುಬ. ವಯಸ್ಸು ಐವತ್ತರ ಆಜೂಬಾಜು.

“ಇವನ್ನ ಇಟಗೋಬೇಕ್ರಿ,” ಎಂದ.

“ನಾವು ವಹಿ ಇಡೂದಿಲ್ಲಪಾ. ಪುಸ್ತಕ ಇಡ್ತೀವಿ,” ಎಂದೆ ನಾನು.

“ಪುಸ್ತಕ ಅಂತ ಯಾವುದಕ್ಕ ಅಂತೀರ್ರಿ?”

“ಅಚ್ಚಾದದ್ದಕ್ಕ.”

“ಅಚ್ಚಾಗೂಕಿಂತ ಮೊದಲ ಅದು ಏನಿರತೈತ್ರಿ?”

ತರಬೇತಿಯಲ್ಲಿ ಈ ಪ್ರಶ್ನೆ ಬಂದಿರಲಿಲ್ಲ. ಮಾಸ್ತರು ಮುಖ ಆ ಕಡೆ ಹೊರಳಿಸಿ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತಿತ್ತು.

“ಮನ್ಯಾಗ ಇಟಗೊಂಡ್ರ ಏನಾಕ್ಕೈತಿ?” ಎಂದೆ.

“ಐದು ಬರದಿದ್ದೆನ್ರಿ. ಒಂದನ್ನ ಆಡು ತಿಂತು. ಓದಿ, ಮೆಚ್ಚಿ ತಿಂದೈತಿ ಅಂತ ನಾ ಏನೂ ತಿಳಕೊಂಡಿಲ್ರಿ.”

ಅವನ ಅಣ್ಣ ಊರಿನಲ್ಲಿ ಕುರಿಯ ವಿಷಯ ಬಲ್ಲವನಾಗಿದ್ದನಂತೆ. ಘೋಣಸಗಿಯಿಂದಲೂ ಜನ ಕೇಳಲು ಬರುತ್ತಿದ್ದರು. ಯಾವ ಹಳ್ಳದ ನೀರು ಯಾವ ತಿಂಗಳಲ್ಲಿ ಕುಡಿಸಬಾರದು, ಯಾರ ಹೊಲದಲ್ಲಿ ಎಷ್ಟು ದಿನ ಮಂದೆ ತರುಬಬೇಕು, ಕಿವಿ ಹೀಗಿದ್ದರೆ ಆ ಕುರಿಗೆ ಏನೆನ್ನಬೇಕು, ಉಣ್ಣೆ ಹಾಗಿದ್ದರೆ ಏನೆನ್ನಬೇಕು, ನಡೆಯುವಾಗ ಹಿಂದೆ ಉಳಿಯುವ ಕುರಿಗೆ ಏನಾಗಿರುತ್ತದೆ. ಅಣ್ಣನಿಗೆ ಅಕ್ಷರ ಬರುತ್ತಿರಲಿಲ್ಲ. ತಮ್ಮ ಮೂರನೆಯ ಇಯತ್ತೆಯವರೆಗೆ ಕಲಿತವನು. ಅಣ್ಣ ಹಾಸಿಗೆ ಹಿಡಿದ ವರ್ಷ, ಅವನು ಹೇಳಿದ್ದನ್ನೆಲ್ಲ ತಮ್ಮ ಕುಳಿತು ಬರೆದ. ಅಣ್ಣ ಸತ್ತ. ವಹಿ ಉಳಿದವು, ಆಡು ಬಿಟ್ಟಷ್ಟು.

“ಇನ್ನೊಂದು ಪ್ರತಿ ಐತೇನು?” ಎಂದು ಕೇಳಿದೆ.

“ಇಲ್ರಿ. ಇದ ಒಂದು.”

ಆ ದಿನ ಅಲ್ಲಿಯೇ, ಮಾಸ್ತರ ಒತ್ತಾಯಕ್ಕೆ, ‘ವಹಿ’ ಎಂಬ ಪ್ರಕಾರ ಹುಟ್ಟಿತು. ಹಳದಿ ಬಣ್ಣ. ಕಾರ್ಡಿನ ಮೇಲೆ ಕರ್ತೃ ಎಂದು ಅಣ್ಣನ ಹೆಸರು ಹಾಕಬೇಕೆಂದು ತಮ್ಮ ಹಟ ಹಿಡಿದ. ಬರೆದವನು ನೀನು ಎಂದೆ. ಹೇಳಿದವನು ಅವನು ಎಂದ. ಹಾಗೆಯೇ ಹಾಕಿದೆ. ಮುಂದೆ ಪ್ರತಿ ಸಂತೆಗೆ ಆತ ಟಿಕೋಟಾದ ಶಾಖೆಗೆ ಬಂದು ತನ್ನ ವಹಿ ತಾನೇ ತೆಗೆಸಿ, ಒಂದು ತಾಸು ಓದಿ, ಯಾರಾದರೂ ಕೇಳಲು ಬಂದಿದ್ದರೆ ಓದಿ ಹೇಳಿ, ಹೋಗುತ್ತಿದ್ದನಂತೆ. ಆ ಪ್ರಕಾರದಲ್ಲಿ ಆಮೇಲೆ ಬಯಲಾಟದ ಮೇಳವೊಂದರ ಮಾತಿನ ವಹಿಗಳೂ ಸೇರಿದವು.

ನಮ್ಮ ಕಾರ್ಯದರ್ಶಿಗಳು ನಿವೃತ್ತ ವಕೀಲರು. ವಾರ್ಷಿಕ ಸಭೆ ಹತ್ತಿರ ಬಂದಾಗ ಕಪಾಟಿನ ಮುಂದೆ ನಿಂತು ಬಣ್ಣ ಎಣಿಸಿದರು. ಹತ್ತೊಂಬತ್ತು ಬಂದವು.

“ಏನ್ರೀ ಇದು, ಸೂಚಿಯೋ ಹೋಳಿ ಹುಣ್ಣಿಮೆಯೋ? ಐದಕ್ಕ ಇಳಸ್ರಿ. ಸಭಾಕ್ಕಿಂತ ಮೊದಲ.”

ಒಂದು ಪ್ರಕಾರವನ್ನು ತೆಗೆಯುವುದಕ್ಕೆ ಒಂದು ಕ್ರಮವಿದೆ. ಮೊದಲು ಅದರಲ್ಲಿರುವ ಒಂದೊಂದು ಸಾಮಗ್ರಿಯನ್ನೂ ಬೇರೆ ಪ್ರಕಾರಕ್ಕೆ ಸಾಗಿಸಬೇಕು. ಕೊನೆಯ ಕಾರ್ಡು ಹೊರಬಿದ್ದು ಮನೆ ಖಾಲಿಯಾದ ಮೇಲೆ ಬಾಗಿಲು ಮುಚ್ಚಬೇಕು. ತರಬೇತಿಯಲ್ಲಿ ಇದನ್ನು ಎರಡು ಸಲ ಹೇಳಿದ್ದರು. ನಾನು ಮೊದಲು ಬಾಗಿಲು ಮುಚ್ಚಿದೆ. ಸಭೆಯ ವರದಿಯಲ್ಲಿ ‘ಐದು ಪ್ರಕಾರ’ ಎಂದು ಅಚ್ಚಾದರೆ ಸಾಕಿತ್ತು. ಸಾಗಿಸುವುದನ್ನು ಆಮೇಲೆ ಸಾವಕಾಶ ಮಾಡಿದರಾಯಿತು ಎಂದುಕೊಂಡೆ. ಸ್ಟೆನ್ಸಿಲ್ ಹಾಳೆಯ ಮೇಲೆ ಕಬ್ಬಿಣದ ಲೇಖನಿಯಿಂದ ಕೈಯಾರೆ ಕೊರೆದು, ಸೈಕ್ಲೋಸ್ಟೈಲ್ ಮಾಡಿ, ಎರಡೂ ಶಾಖೆಗೆ ಕಳಿಸಿದೆ. ಹದಿನಾಲ್ಕು ಕಲಮುಗಳ ಗಂಭೀರವಾದ ಆದೇಶ. ಒಂಬತ್ತನೆಯದು ಹೀಗಿತ್ತು: ‘ವಹಿ ಎಂಬ ಪ್ರಕಾರ ರದ್ದು. ಇದರಲ್ಲಿ ಬರುವುದನ್ನೆಲ್ಲ ಕೂಡಲೇ ತೆಗೆದು ವರದಿ ಕಳಿಸತಕ್ಕದ್ದು.’

ತೆಗೆಯಬೇಕಾದದ್ದು ಶಾಖೆಯ ಪಟ್ಟಿಯಿಂದ ನಮೂದುಗಳನ್ನು, ಕಪಾಟಿನಿಂದ ವಹಿಗಳನ್ನಲ್ಲ. ಅದು ನನ್ನ ತಲೆಯಲ್ಲಿ ಸ್ಪಷ್ಟವಿತ್ತು.

ಟಿಕೋಟಾಕ್ಕೆ ಹೋದ ಪ್ರತಿಯಲ್ಲಿ ‘ರದ್ದು’ ಎಂಬುದರ ಕೊಂಬು ಮೂಡಿರಲಿಲ್ಲ. ಕಾಗದಕ್ಕೂ ಮಸಿಗೂ ತತ್ವಾರದ ಕಾಲ. ಹಳೆಯ ಮಸಿಯನ್ನೇ ತೆಳುಮಾಡಿ ಬಳಿದಿದ್ದೆ. ‘ವಹಿ ಎಂಬ ಪ್ರಕಾರ ರದ್ದ’ ಎಂದಿತ್ತು. ಮಾಸ್ತರು ಮೂವತ್ತು ವರ್ಷ ಹುಡುಗರ ಪಾಟಿ ತಿದ್ದಿದವರು. ಬಿಟ್ಟುಹೋದ ಅಕ್ಷರ ಕಂಡರೆ ಸುಮ್ಮನಿರುವ ಕೈ ಅಲ್ಲ. ಕೊಂಬಿನ ಬದಲು ಗುಡಿಸು ಹಚ್ಚಿದರು: ವಹಿ ಎಂಬ ಪ್ರಕಾರ ರದ್ದಿ. ನಮ್ಮ ಕಡೆ ರದ್ದಿ ಎಂದರೆ ತೂಕಕ್ಕೆ ಹಾಕುವ ಹಳೆಯ ಕಾಗದ. ಅದನ್ನು ಬಿಡಿಸಿ ಹೇಳುವ ಅಗತ್ಯ ಯಾರಿಗೂ ಇಲ್ಲ. ಕೂಡಲೇ ತೆಗೆಯತಕ್ಕದ್ದು ಎಂದೂ ಕೆಳಗೆ ಇತ್ತು. ಅವರು ಕೂಡಲೇ ತೆಗೆದರು. ಕುರುಬನ ನಾಲ್ಕು, ಬಯಲಾಟದ ಏಳು, ಒಟ್ಟು ಹನ್ನೊಂದು ವಹಿಗಳನ್ನು ರದ್ದಿಯವನಿಗೆ ಹಾಕಿ, ನನಗೆ ವರದಿ ಕಳಿಸಿದರು: ‘ಆದೇಶದ ಒಂಬತ್ತನೆಯ ಕಲಮಿನ ಪ್ರಕಾರ ಪೂರೈಸಲಾಗಿದೆ.’ ನಾನು ಆ ವರದಿಯ ಮೇಲೆ ‘ಸಂತೋಷ’ ಎಂದು ಷರಾ ಬರೆದು ಫೈಲಿಗೆ ಹಾಕಿದೆ. ಆ ಫೈಲು, ಆ ಷರಾ, ನನ್ನ ಸಹಿ ಮೂರನ್ನೂ ಆಮೇಲೆ ಎಷ್ಟೋ ಸಲ ತೆಗೆದು ನೋಡಿದ್ದೇನೆ.

ಮಂದೆಯ ಹಿಂದೆ ಹೋಗಿ ನಾಲ್ಕು ಸಂತೆ ತಪ್ಪಿಸಿದ್ದ ಕುರುಬ ಐದನೆಯ ಸಂತೆಯ ಮರುದಿನ ವಿಜಾಪುರಕ್ಕೆ ಬಂದ. ಹಿಂದೆಯೇ ಮಾಸ್ತರೂ ಬಂದರು. ಅವರ ಮುಖ ನೋಡಿದಾಗಲೇ ಏನೋ ಮುಗಿದಿದೆ ಎನಿಸಿತು.

“ಸಾಹೇಬ್ರ, ನೀವು ರದ್ದಿ ಅಂತ ಬರದಿದ್ರಿ?” ಮಾಸ್ತರು ಆದೇಶದ ಪ್ರತಿಯನ್ನು ಬಿಡಿಸಿ ನನ್ನ ಮುಂದೆ ಇಟ್ಟರು.

“ರದ್ದು ಅಂತ ಬರದಿದ್ದೆ.”

“ಕೊಂಬು ಎಲ್ಲಿ ಐತ್ರಿ?”

ಕೊಂಬು ಎಲ್ಲಿಯೂ ಇರಲಿಲ್ಲ. “ಹಂಗಾರ ಒಂದು ಮಾತು ಕೇಳಬೇಕಿತ್ತಲ್ಲ ಮಾಸ್ತರ,” ಎಂದೆ. ಅನ್ನಬಾರದಿತ್ತು.

“ನನ್ನಂಥಾವ ಮ್ಯಾಲಿನ ಆದೇಶಕ್ಕ ಯಾಕ ಅಂತ ಕೇಳಿದ್ರ ಏನಾಕ್ಕೈತಿ ಅಂತ ನಿಮಗ ಗೊತ್ತಿಲ್ರಿ. ಮೂವತ್ತು ವರ್ಷ ನೌಕರಿ ಮಾಡೇನಿ. ಬರದದ್ದನ್ನ ಮಾಡಿದ್ರನs ನಾ ಉಳದದ್ದು.”

ಕುರುಬ ಈ ಮಾತು ಯಾವುದನ್ನೂ ಕೇಳುತ್ತಿರಲಿಲ್ಲ. ಖಣ ಎಳೆದು, ಹಳದಿ ಮೂಲೆಯ ಕಾರ್ಡು ಹುಡುಕಿ, ಅಣ್ಣನ ಹೆಸರಿನ ಮೇಲೆ ಬೆರಳಿಟ್ಟು ನಿಂತಿದ್ದ.

“ಇಲ್ಲೇ ಐತಲ್ರಿ,” ಎಂದ.

“ಅದು ಕಾರ್ಡಪಾ.”

“ಕಾರ್ಡು ಇದ್ರ ವಹಿ ಇರಬೇಕಲ್ರಿ? ನೀವs ಅವತ್ತ ಹೇಳೀರಿ. ಇದು ಇದ್ರ ಅದು ಇದ್ದಂಗ ಅಂತ.”

ಹೇಳಿದ್ದು ಹೌದು. ತರಬೇತಿಯ ಮೊದಲ ಪಾಠವೇ ಅದು.

ಮೂವರೂ ಕೂಡಿ ಟಿಕೋಟಾಕ್ಕೆ ಹೋದೆವು. ರದ್ದಿಯವನು ತನ್ನ ಮಾಲನ್ನೆಲ್ಲ ವಿಜಾಪುರದ ಒಬ್ಬ ಬುಕ್‌ಬೈಂಡರನಿಗೆ ಕೊಟ್ಟಿದ್ದ. ಹಾಗೆಯೇ ತಿರುಗಿ ಬಂದೆವು. ಬೈಂಡರನ ಅಂಗಡಿ ನಮ್ಮ ವಾಚನಾಲಯದಿಂದ ಎರಡು ಓಣಿಯ ಆಚೆ, ಗುಡಿಯ ಪೇಟೆಯಲ್ಲಿ. ನಮ್ಮ ಪುಸ್ತಕಗಳನ್ನು ಕಟ್ಟುತ್ತಿದ್ದವನೇ ಅವನು. ಹೊಸ ರಟ್ಟು ಪೇಟೆಯಲ್ಲಿ ಸಿಗುತ್ತಿರಲಿಲ್ಲ; ಹಳೆಯ ಹಾಳೆಗಳನ್ನು ಒಂದರ ಮೇಲೊಂದು ಗಂಜಿ ಹಚ್ಚಿ ಅಂಟಿಸಿ, ಒತ್ತಿ, ಒಣಗಿಸಿ, ತಾನೇ ರಟ್ಟು ಮಾಡಿಕೊಳ್ಳುತ್ತಿದ್ದ.

“ಹನ್ನೊಂದು ವಹಿ ಬಂದಿದ್ವೇನು?” ಎಂದು ಕೇಳಿದೆ.

“ಬಂದಿದ್ವಲ್ರಿ. ಛಲೋ ಕಾಗದ. ದಪ್ಪ.”

“ಎಲ್ಲಿ ಅದಾವ?”

ಅವನು ಸೂಜಿ ಕೆಳಗಿಟ್ಟು ನನ್ನನ್ನು ವಿಚಿತ್ರವಾಗಿ ನೋಡಿದ. “ನಿಮ್ಮ ಕಡೆನ ಅದಾವಲ್ರಿ. ಹೋದ ವಾರ ನಲವತ್ತು ಸಂಪುಟ ಕಟ್ಟಿ ಕೊಟ್ಟೆ. ಎಲ್ಲಾ ಅದರ ರಟ್ಟ ನೋಡ್ರಿ ಅವು. ಗಟ್ಟಿ ಆಗ್ಯಾವೋ ಇಲ್ಲೋ?”

ಗಟ್ಟಿ ಆಗಿದ್ದವು. ಹಳೆಯ ಮಾಸಿಕಗಳನ್ನು ವರ್ಷವಾರು ಸೇರಿಸಿ ಕಟ್ಟಿಸಿದ ನಲವತ್ತು ಸಂಪುಟಗಳು. ಕಪ್ಪು ಕ್ಯಾಲಿಕೊ ಬಟ್ಟೆ, ಬೆನ್ನಿಗೆ ಬಂಗಾರದ ಬಣ್ಣದ ಅಕ್ಷರ. ಕಟ್ಟಿದ ಮೇಲೆ ಮಾಸಿಕವೂ ಪುಸ್ತಕವೇ ಎಂದು ಹೊಸ ಆದೇಶದಲ್ಲಿ ನಾನೇ ಬರೆದಿದ್ದರಿಂದ ಕಾರ್ಡಿನ ಮೂಲೆ ಕೆಂಪಾಗಿತ್ತು. ಮೂವತ್ತನಾಲ್ಕು ನಮ್ಮಲ್ಲಿದ್ದವು, ಆರನ್ನು ಬಬಲೇಶ್ವರಕ್ಕೆ ಕಳಿಸಿದ್ದೆ.

“ಹರದು ತಗಿಯೂಣಲ್ರಿ,” ಎಂದ ಕುರುಬ. ಅವನ ದನಿಯಲ್ಲಿ ಮೊದಲ ಸಲ ಜೀವ ಬಂದಿತ್ತು. “ನೀರಾಗ ನೆನಿಸಿದ್ರ ಗಂಜಿ ಬಿಡತೈತ್ರಿ. ಒಂದೊಂದ ಹಾಳಿ ಬಿಡಿಸೂಣ. ನಾ ಕುಂತು ಬಿಡಸ್ತೇನಿ.”

“ಆಗತೈತೇನು?” ಎಂದು ಬೈಂಡರನನ್ನು ಕೇಳಿದೆ.

“ಸಾವಕಾಶ ಬಿಡಿಸಿದ್ರ ಅರ್ಧಾ ಬರಬಹುದ್ರಿ. ಖರೇ, ತಡಾ ಮಾಡಬ್ಯಾಡ್ರಿ. ಗಂಜಿಗೆ ಮೈಲತುತ್ತ ಹಾಕೇನಿ. ಬರಬರತ ಶಾಯಿ ತಿಂತೈತಿ.”

ಒಂದು ಸಂಪುಟವನ್ನು ಆ ದಿನವೇ ನಾನು ಮೇಜಿನ ಮೇಲೆ ಇಟ್ಟು, ಬ್ಲೇಡಿನಿಂದ ರಟ್ಟಿನ ಒಂದು ಮೂಲೆ ಎಬ್ಬಿಸಿದೆ. ಪದರು ಬಿಚ್ಚಿತು. ಒಳಗೆ ನೀಲಿ ಶಾಯಿಯ ದುಂಡನೆಯ ಅಕ್ಷರ ಕಂಡಿತು, ಮೂರನೆಯ ಇಯತ್ತೆಯ ಅಕ್ಷರ. ಕುರುಬ ಬಗ್ಗಿ ಓದಿದ: “‘ಮುಂಗಾಲ ಎತ್ತಿ ನಿಂತರ’... ಇದು ಎರಡನೇದ ವಹಿ ರಿ, ಸಾಹೇಬ್ರ. ನಿಂತರ ಏನಂತ ಮುಂದ ಐತಿ. ಇನ್ನಷ್ಟು ಎಬ್ಬಸ್ರಿ.”

ಆಗ ಕಾರ್ಯದರ್ಶಿಗಳು ಒಳಗೆ ಬಂದರು.

ವಿಷಯ ಸಮಿತಿಯ ಮುಂದೆ ಹೋಯಿತು. ವಕೀಲರು ಅದನ್ನು ಮಂಡಿಸಿದ ರೀತಿ ನ್ಯಾಯಶಾಸ್ತ್ರದ ವಿದ್ಯಾರ್ಥಿಗಳು ಕಲಿಯುವಂತಿತ್ತು.

“ಏನು ಕಳದೈತಿ?” ಎಂದು ನನ್ನನ್ನು ಕೇಳಿದರು.

“ಹನ್ನೊಂದು ವಹಿ.”

“ವಹಿ ಅನ್ನೂದು ನಮ್ಮ ಸೂಚಿಯೊಳಗ ಒಂದು ಪ್ರಕಾರ ಐತೇನು?”

“ಇತ್ತು. ರದ್ದಾಗೇದ.”

“ಯಾರು ರದ್ದು ಮಾಡಿದ್ರು?”

“ನಾನು.”

“ಯಾವಾಗ? ವಹಿ ರದ್ದಿಗೆ ಹೋಗೂ ಮೊದಲೋ, ಆಮ್ಯಾಲೋ?”

“ಮೊದಲು.”

“ಹಂಗಾದ್ರ,” ಎಂದು ಅವರು ಕನ್ನಡಕ ತೆಗೆದು ಒರೆಸಿದರು, “ಅವು ಹೋದ ದಿವಸ ನಮ್ಮಲ್ಲಿ ವಹಿ ಅಂಬೂದು ಇರಲೇ ಇಲ್ಲ. ಇರದದ್ದು ಕಳಿಯೂದು ಹೆಂಗ? ಕಳದಿಲ್ಲ. ಕಳದದ್ದs ಇಲ್ಲ ಅಂದ ಮ್ಯಾಲೆ ಹುಡುಕೂದು ಏನು? ಇನ್ನ, ನಲವತ್ತು ಸಂಪುಟ ಅದಾವ. ಅವು ಪುಸ್ತಕ. ಪುಸ್ತಕ ಹರಿಯೂದಕ್ಕ ಏನಂತಾರ ನಿಮ್ಮ ಶಾಸ್ತ್ರದಾಗ?”

ನಾನು ಬಾಯಿ ತೆರೆದೆ. ಅವರು ಕೈಯೆತ್ತಿ ಮೆಲ್ಲಗೆ ಹೇಳಿದರು: “ಕಳದೈತಿ ಅಂತ ಬರಕೋಬೇಕಂದ್ರ ಬರಕೋಳೂಣಂತ. ಆದ್ರ ಆಗ ಯಾರಿಂದ ಕಳೀತು ಅಂತನೂ ಬರೀಬೇಕಾಗತೈತಿ. ಟಿಕೋಟಾದವರ ಹೆಸರು ಬರೀಬೇಕಾಗತೈತಿ. ಯೋಚನಾ ಮಾಡ್ರಿ.”

ಯೋಚನೆ ಮಾಡಿದೆ. ಮಾಸ್ತರ ನೌಕರಿಗೆ ಕುತ್ತು ಬರುತ್ತದೆ, ಅವರಿಗಾಗಿ ನಾನು ಸುಮ್ಮನಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಎಷ್ಟೋ ವರ್ಷ ಬೇರೆಯವರಿಗೂ ಹಾಗೆಯೇ ಹೇಳಿದೆ. ಅವರ ಹೆಸರಿನ ಮೇಲೆ ನನ್ನ ಹೆಸರು ಬರುತ್ತಿತ್ತು ಎಂಬುದನ್ನು ಹೇಳುತ್ತಿರಲಿಲ್ಲ. ಕೊಂಬು ನನ್ನದು, ಮಸಿ ನನ್ನದು, ಮೊದಲೇ ಮುಚ್ಚಿದ ಬಾಗಿಲೂ ನನ್ನದು. ‘ಯಾವ ನಷ್ಟವೂ ಆಗಿಲ್ಲ’ ಎಂಬ ಠರಾವಿಗೆ ನಾನು ಸಹಿ ಹಾಕಿದೆ. ಎಬ್ಬಿಸಿದ ಮೂಲೆಯನ್ನು ಮರುದಿನ ನಾನೇ ಗಂಜಿ ಹಚ್ಚಿ ಕೂಡಿಸಿದೆ. ವಾರ್ಷಿಕ ವರದಿಯಲ್ಲಿ ‘ಐದು ಪ್ರಕಾರ, ಸರ್ವ ಸಾಮಗ್ರಿಯೂ ಭದ್ರ’ ಎಂದು ಅಚ್ಚಾಯಿತು, ಸಭೆ ಚಪ್ಪಾಳೆ ತಟ್ಟಿತು.

ಕುರುಬನಿಗೆ ಠರಾವು ಓದಿ ಹೇಳುವ ಕೆಲಸವೂ ನನಗೇ ಬಂತು. ಆತ ಪೂರ್ತಿ ಕೇಳಿದ.

“ನಮ್ಮಣ್ಣ ಸತ್ತಾಗ ಊರಾಗ ಎಲ್ಲಾರೂ ಸತ್ತಾನ ಅಂದ್ರು ರಿ,” ಎಂದ. “ಇರಲೇ ಇಲ್ಲ ಅಂತ ಯಾರೂ ಅನ್ನಲಿಲ್ಲ.”

ನಾಲ್ಕು ಖಾಲಿ ವಹಿಗಳನ್ನು ತಂದಿಟ್ಟಿದ್ದೆ. ಅವನ್ನು ಮುಂದೆ ಸರಿಸಿ, ನೆನಪಿದ್ದಷ್ಟನ್ನು ಮತ್ತೆ ಬರೆ, ನಾನೂ ಕೂಡ್ರುತ್ತೇನೆ ಎಂದೆ.

“ನೆನಪಿಲ್ರಿ.”

“ಅಷ್ಟೂ?”

“ಬರದೇನಿ ಅಂತ ನೆಪ್ಪ ಇಡಲಿಲ್ರಿ. ನಮ್ಮಣ್ಣಗ ಬರಿಯಾಕ ಬರತಿರಲಿಲ್ಲ, ಅದಕ್ಕ ಎಲ್ಲಾ ಬಾಯಾಗ ಇತ್ತು. ನಂಗ ಬರತಿತ್ತು. ಬರದೆ, ಬಿಟ್ಟೆ.”

ಖಾಲಿ ವಹಿಗಳನ್ನು ಮುಟ್ಟಲಿಲ್ಲ.

ಆದರೆ ಆತ ಬರುವುದನ್ನು ನಿಲ್ಲಿಸಲಿಲ್ಲ. ವಾರಕ್ಕೊಮ್ಮೆ ವಿಜಾಪುರಕ್ಕೆ ಬಂದು, ಸದಸ್ಯನಾಗಿ, ಆ ಕಪ್ಪು ಸಂಪುಟಗಳಲ್ಲಿ ಒಂದನ್ನು ಕೇಳಿ ತೆಗೆದುಕೊಂಡು ಕಿಟಕಿಯ ಹತ್ತಿರ ಕೂಡುತ್ತಿದ್ದ. ತೆರೆಯುತ್ತಿರಲಿಲ್ಲ. ರಟ್ಟನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡುತ್ತಿದ್ದ, ಬೆರಳ ಗಿಣ್ಣಿನಿಂದ ಒತ್ತುತ್ತಿದ್ದ, ಕೆಲವೊಮ್ಮೆ ಮೂಗಿಗೆ ಹಿಡಿಯುತ್ತಿದ್ದ. ಮುಂದಿನದು, ಅದರ ಮುಂದಿನದು. ಹಳ್ಳಿಯ ಮನುಷ್ಯನ ವಾಚನಾಭಿರುಚಿಯನ್ನು ಕಂಡು ಕಾರ್ಯದರ್ಶಿಗಳಿಗೆ ತುಂಬಾ ಸಮಾಧಾನವಾಯಿತು. ಇಂಥವರಿಗೆ ಸಭೆಯಲ್ಲಿ ಶಾಲು ಹೊದಿಸಬೇಕು ಎಂದು ನನಗೆ ಟಿಪ್ಪಣಿ ಹಾಕಲು ಹೇಳಿದರು. ಟಿಪ್ಪಣಿ ಹಾಕಿದೆ.

ಒಂದು ದಿನ ಆತ ಕೇಳಿದ: “ಬಬಲೇಶ್ವರಕ್ಕ ಆರು ಹೋಗ್ಯಾವ ಅಂದ್ರೆಲ್ರಿ?”

“ಹೌದು.”

“ಅಲ್ಲಿ ಯಾರದಾರ?”

ಹೇಳಿದೆ.

ಹದಿನೈದು ದಿನಕ್ಕೆ ಬಬಲೇಶ್ವರದಿಂದ ಅಕ್ಕೋರ ವರದಿ ಬಂತು, ಎಂದಿನಂತೆ ಕಾರ್ಡಿನ ಬೆನ್ನಿಗೆ: ‘ಕಪ್ಪು ಸಂಪುಟ ಆರು. ರಟ್ಟು ಇಲಿ ತಿಂದಿವೆ. ಒಳಗಿನದಕ್ಕೆ ಏನೂ ಆಗಿಲ್ಲ.’ ನಾನು ಹೋಗಿ ನೋಡಲೇಬೇಕಾಯಿತು. ಅಕ್ಕೋರು ಬಟ್ಟೆ ಕತ್ತರಿಸುವ ಕತ್ರಿಯಿಂದ ಹನ್ನೆರಡೂ ರಟ್ಟುಗಳನ್ನು ಬಿಡಿಸಿದ್ದರು. ಶಾಖೆಯ ಹಿಂದಿನ ಅಂಗಳದಲ್ಲಿ ತಾಮ್ರದ ಹಂಡೆಯಲ್ಲಿ ನೆನೆಸಿ, ಕುರುಬ ಮತ್ತು ಅವರು ಎದುರುಬದುರು ಕುಳಿತು ಪದರು ಬಿಡಿಸಿ, ಹಾಳೆಗಳನ್ನು ಸೀರೆ ಒಣಗಿಸುವ ಹಗ್ಗದ ಮೇಲೆ ಹಾಕಿದ್ದರು. ಹೆಚ್ಚಿನವು ಬಯಲಾಟದ ಮಾತು, ರಾಕ್ಷಸರು, ರಾಣಿಯರು. ಕುರಿಯ ಹಾಳೆ ಹನ್ನೊಂದು ಸಿಕ್ಕಿದ್ದವು.

“ಇಲಿ ಭಾಳ ಸೂಕ್ಷ್ಮ ಅದಾವ್ರಿ ನಿಮ್ಮಲ್ಲಿ,” ಎಂದೆ. “ನೀಟಾಗಿ ಕತ್ತರಿಸ್ಯಾವ.”

“ಕಲಿತ ಇಲಿ ರಿ. ತರಬೇತಿ ಆಗೇತಿ,” ಎಂದರು ಅಕ್ಕೋರು. ನಗಲಿಲ್ಲ.

ಸಮಿತಿಗೆ ವಿಷಯ ತಿಳಿಯಿತು. ಬೇರೆ ಓದುಗರಿದ್ದರು, ಕಣ್ಣಿದ್ದವು. ಸಾಮಗ್ರಿಗೆ ಬುದ್ಧಿಪೂರ್ವಕ ಹಾನಿ ಎಂದು ಅಕ್ಕೋರನ್ನು ತೆಗೆಯಬೇಕೆಂದು ಠರಾವಾಯಿತು. ಪತ್ರ ಸಿದ್ಧಪಡಿಸಿದವನು ನಾನು. ಈ ಸಲ ಸ್ಟೆನ್ಸಿಲ್ ಬೇಡವಾಗಿತ್ತು, ಶಾಯಿಯಲ್ಲಿ ಬರೆದೆ. ಎಲ್ಲ ಕೊಂಬುಗಳೂ ಸ್ವಚ್ಛವಾಗಿ ಮೂಡಿದವು.

ಅಕ್ಕೋರು ಶಾಖೆಯ ಬೀಗದ ಕೈ ಒಪ್ಪಿಸಲು ವಿಜಾಪುರಕ್ಕೆ ಬಂದರು. ಮಧ್ಯಾಹ್ನ, ವಾಚನಾಲಯದಲ್ಲಿ ಯಾರೂ ಇರಲಿಲ್ಲ. ಬೀಗದ ಕೈ ಮೇಜಿನ ಮೇಲೆ ಇಟ್ಟು, ಪಾವತಿ ಬರೆಸಿಕೊಂಡು, ಗೋಡೆಯ ಕಪಾಟಿನಲ್ಲಿ ಸಾಲಾಗಿ ನಿಂತ ಕಪ್ಪು ಬೆನ್ನುಗಳನ್ನು ನೋಡಿದರು.

“ಎಷ್ಟದಾವ್ರಿ ಇಲ್ಲಿ?”

“ಮೂವತ್ತನಾಲ್ಕು.”

“ಶಾಯಿ ಹೋಗಾಕತ್ತೈತಿ ಅಂತಾರ. ಈ ವರ್ಷ ಬಿಟ್ರ ಆಮ್ಯಾಲೆ ಬರೇ ಕಾಗದ.”

“ಗೊತ್ತೈತ್ರಿ.”

ಅವರು ಚೀಲದಿಂದ ಆ ಕತ್ರಿ ತೆಗೆದು, ಹಿಡಿಯನ್ನು ನನ್ನ ಕಡೆ ಮಾಡಿ ಮುಂದೆ ಚಾಚಿದರು. “ಇವತ್ತ ಯಾರೂ ಇಲ್ಲ. ನನ್ನ ಹೆಸರ ಮ್ಯಾಲೆನs ಹಾಕ್ರಿ. ಹೆಂಗೂ ತಗದಾರಲ್ಲ ನನ್ನ.”

ನನಗೆ ಆಗ ಹೆಂಡತಿಯಿದ್ದಳು, ಎರಡು ಮಕ್ಕಳಿದ್ದರು, ಬಾಡಿಗೆಯ ಮನೆಯಿತ್ತು, ಕಪಾಟಿನ ಮೇಲೆ ಪ್ರಮಾಣಪತ್ರವಿತ್ತು. ಇವೆಲ್ಲವೂ ಆ ಕ್ಷಣದಲ್ಲಿ ನೆನಪಾದವು ಎಂದು ಬರೆದರೆ ಸುಳ್ಳಾಗುತ್ತದೆ. ಏನೂ ನೆನಪಾಗಲಿಲ್ಲ. ಕೈ ಮುಂದೆ ಬರಲಿಲ್ಲ, ಅಷ್ಟೆ.

“ಬ್ಯಾಡ್ರಿ ಅಕ್ಕೋರ,” ಎಂದೆ.

ಅವರು ಕತ್ರಿಯನ್ನು ಚೀಲಕ್ಕೆ ಹಾಕಿಕೊಂಡರು. ಬಯ್ಯಲಿಲ್ಲ. ಬಯ್ದಿದ್ದರೆ ನಾನು ಏನಾದರೂ ಉತ್ತರ ಹೇಳುತ್ತಿದ್ದೆ.

ಕುರುಬ ಆಮೇಲೆ ನಮ್ಮಲ್ಲಿಗೆ ಬರಲಿಲ್ಲ. ಒಂದೆರಡು ಸಲ ಬಸ್‌ಸ್ಟ್ಯಾಂಡಿನಲ್ಲಿ ಕಂಡ, ಟಿಕೋಟಾದ ಬಸ್ಸಿಳಿದು ಬಬಲೇಶ್ವರದ ಬಸ್ಸು ಹತ್ತುವಾಗ. ಅಕ್ಕೋರು ಮನೆಯಲ್ಲಿ ಹನ್ನೊಂದು ಹಾಳೆಗಳನ್ನು ನಕಲು ಮಾಡುತ್ತಿದ್ದರಂತೆ. ತುದಿ ಹರಿದ ಸಾಲುಗಳಲ್ಲಿ ಮುಂದೇನಿತ್ತು ಎಂದು ಆತನನ್ನು ಕೂಡಿಸಿಕೊಂಡು ಕೇಳುತ್ತಿದ್ದರಂತೆ. ಕೆಲವು ಸಾಲು ಅವನಿಗೆ ಹೊಳೆಯುತ್ತಿದ್ದವಂತೆ, ಹೆಚ್ಚಿನವು ಇಲ್ಲ. ಇದನ್ನು ಹೇಳಿದವರು ಮಾಸ್ತರು. ಅವರು ಟಿಕೋಟಾದಲ್ಲಿ ಇನ್ನೂ ಮೂರು ವರ್ಷ ಇದ್ದರು, ಆದೇಶಗಳನ್ನೆಲ್ಲ ಎರಡು ಸಲ ಓದಿ, ಪ್ರತಿಯೊಂದಕ್ಕೂ ಕೆಳಗೆ ‘ಇದರ ಅರ್ಥ ಇದೇ ಎಂದು ಖಾತ್ರಿಪಡಿಸಬೇಕು’ ಎಂದು ಬರೆದು ನನಗೇ ವಾಪಸು ಕಳಿಸುತ್ತಿದ್ದರು. ನಾನು ಖಾತ್ರಿಪಡಿಸುತ್ತಿದ್ದೆ.

ಆ ಮೂವತ್ತನಾಲ್ಕು ಸಂಪುಟಗಳನ್ನು ನಾನಿದ್ದಷ್ಟು ದಿನ ಯಾರೂ ಒಯ್ಯಲಿಲ್ಲ. ದಶಕ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ, ಮೊದಲು ಎಬ್ಬಿಸಿ ಮತ್ತೆ ಕೂಡಿಸಿದ್ದ ಆ ಮೂಲೆಯನ್ನು ಉಗುರಿನಿಂದ ಬಿಡಿಸಿ ನೋಡಿದೆ. ಪದರು ಸುಲಭವಾಗಿ ಬಂತು. ಕಾಗದ ಹಸಿರುಗಟ್ಟಿತ್ತು, ಮೇಲೆ ಏನೂ ಇರಲಿಲ್ಲ. ಮುಂಗಾಲು ಎತ್ತಿ ನಿಂತ ಕುರಿಗೆ ಏನಾಗಿರುತ್ತದೆ ಎಂಬುದು ನನಗೆ ಈವರೆಗೆ ಗೊತ್ತಿಲ್ಲ.